ಟಾಕಿ ದಣಿದಿತ್ತು

ಹೋದ ವಾರ ಸಾಣಾಪುರ ಕೆರೆಯ ದಂಡೆಯಲ್ಲಿ ಒಬ್ಬಾತ ಫೈಬರ್ ದೋಣಿಗೆ ತೇಪೆ ಹಾಕುತ್ತಿದ್ದ. ಆ ರೆಸಿನ್ನಿನ ಘಾಟು ಮೂಗಿಗೆ ಬಡಿದದ್ದೇ ತಡ, ಜತೆಗಿದ್ದವರು ಏನು ಮಾತಾಡುತ್ತಿದ್ದರೋ ನನಗೆ ಕೇಳಿಸಲಿಲ್ಲ. ನೀರಿನ ಕಾಕಾ ನೆನಪಾದರು...

ಯಲಬುರ್ಗಾ ಕಡೆಯ ಒಂದು ಊರಿನ ಶುದ್ಧ ನೀರಿನ ಘಟಕ ನೋಡಿಕೊಳ್ಳುತ್ತಿದ್ದವರು ಅವರು. ಅಲ್ಲಿಯ ಬೋರಿನ ನೀರು ಕುಡಿದರೆ ಹಲ್ಲು ಹಳದಿಯಾಗಿ ಮೊಣಕಾಲು ಹಿಡಿಯುತ್ತಿತ್ತು. ಹಾಗಾಗಿ ಘಟಕ ಒಂದು ದಿನ ನಿಂತರೆ ಊರೆಲ್ಲ ಕಾಕಾನ ಬಾಗಿಲಿಗೆ. ನೀರು ಸೋಸುವ ಆಳೆತ್ತರದ ಫೈಬರ್ ಟಾಕಿಯೊಳಗೆ ಮರಳು ತುಂಬಿತ್ತು. ಪಂಪು ಅದರೊಳಗೆ ಒತ್ತಡದಿಂದ ನೀರು ದೂಡುತ್ತಿತ್ತು. ಕಾಕಾ ದಿನಾ ಮುಂಜಾನೆ ಆ ಟಾಕಿಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು, ಸಂತೆಯಲ್ಲಿ ಹೆಂಗಸರು ಗಡಿಗೆ ಬಡಿದು ನೋಡುವ ಹಾಗೆ.

ನಾನಾಗ ಡಿಪ್ಲೊಮಾ ಮುಗಿಸಿ ಘಟಕಗಳ ತಪಾಸಣೆಗೆ ಹೊಸದಾಗಿ ಸೇರಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಅದು ನಾನೇ. ಒಂದು ಸಲ ಹೋದಾಗ ಕಾಕಾ ಟಾಕಿಯ ಬುಡ ತೋರಿಸಿದರು.

“ಇಲ್ಲಿ ದನಿ ಬದಲಾಗೈತ್ರಿ ಸಾಹೇಬ್ರ. ಮದ್ಲ ಠಣ್ ಅಂತಿತ್ತು, ಈಗ ಬೊದ್ ಅಂತೈತಿ. ಪಂಪ್ ಹಚ್ಚಿದಾಗೊಮ್ಮಿ ಉಬ್ಬತೈತಿ, ಬಂದ್ ಮಾಡಿದಾಗೊಮ್ಮಿ ಇಳೀತೈತಿ. ದಿನಕ್ಕ ಎಷ್ಟ್ ಸಲ ಅಂತೀರಿ? ಟಾಕಿ ದಣದೈತ್ರಿ.”

“ದಣಿಯಾಕ ಅದೇನ್ ಎತ್ತೇನ್ರಿ ಕಾಕಾ?” ಎಂದು ನಕ್ಕೆ.

ಪಾಪ, ಅವರೂ ನಕ್ಕರು. ಅವರ ಸಮಾಧಾನಕ್ಕೆಂದು ದಿನದ ಒತ್ತಡದ ಒಂದೂವರೆ ಪಟ್ಟು ಹಾಕಿ ಅರ್ಧ ತಾಸು ಬಿಟ್ಟೆ. ಒಂದು ಹನಿ ಸೋರಲಿಲ್ಲ, ಗೇಜಿನ ಮುಳ್ಳು ಅಲುಗಲಿಲ್ಲ. ‘ಸುಸ್ಥಿತಿಯಲ್ಲಿದೆ’ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಇವತ್ತು ಭಾರ ಹೊತ್ತು ನಿಂತದ್ದು ಇನ್ನೆಷ್ಟು ದಿನ ಹೊತ್ತೀತು ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ. ಉಬ್ಬಿ ಇಳಿದು, ಉಬ್ಬಿ ಇಳಿದು, ಫೈಬರಿನ ಎಳೆಗಳು ಒಳಗೊಳಗೇ ಒಂದೊಂದಾಗಿ ಹರಿಯುತ್ತವೆ, ಪದರು ಬಿಡುತ್ತವೆ. ಇದನ್ನು ನಾನು ಓದಿದ್ದೆ. ಪಠ್ಯದಲ್ಲಿ ಅದಕ್ಕೆ ಫಟೀಗ್ ಎಂದೇ ಹೆಸರು, ಅಂದರೆ ದಣಿವು. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ...

ಎರಡು ತಿಂಗಳಾಗಿರಬೇಕು. ಒಂದು ಮುಂಜಾನೆ ಕಾಕಾ ಪಂಪು ಹಚ್ಚಿದರು, ಟಾಕಿ ಒಡೆಯಿತು. ಬುಡದಲ್ಲೇ. ಹೊರಗೆ ಕೊಡ ಹಿಡಿದು ನಿಂತಿದ್ದವರಿಗೆ ಏನೂ ಆಗಲಿಲ್ಲ. ಕಾಕಾ ಒಳಗಿದ್ದರು. ಕೊಪ್ಪಳದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮೂರನೆಯ ದಿನ ಅವರ ಮನೆಗೆ ಹೋದೆ. ಬೈಸಿಕೊಳ್ಳಲಿಕ್ಕೆಂದೇ ಹೋದೆ. ಅವರ ಹೆಂಡತಿ ನನಗೆ ಚಾಪೆ ಹಾಸಿ ಕೂರಿಸಿದರು.

“ದಿನಾ ಬಡದು ನೋಡತಿದ್ರಪ್ಪ. ನೀವು ಬಂದ್ ಹೋದಮ್ಯಾಲ ಬಿಟ್ಟಬಿಟ್ರು. ಯಾಕ್ರಿ ಅಂತ ಕೇಳಿದ್ರ, ‘ಸಾಹೇಬ್ರು ನೋಡ್ಯಾರ, ಇನ್ನ ನಂದೇನೈತಿ’ ಅಂದ್ರು.”

ಆಕೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ನನ್ನ ಕೈಕೆಳಗೆ ನಾಲ್ಕು ಮಂದಿ ತಪಾಸಣೆಗೆ ಹೋಗುತ್ತಾರೆ. ಘಟಕ ನೋಡಿಕೊಳ್ಳುವವರು ಏನಂದರು ಎಂದು ಮೊದಲು ಕೇಳುತ್ತೇನೆ, ಗೇಜಿನ ಮಾತು ಆಮೇಲೆ. ಸಾಹೇಬರು ಭಾಳ ಎಚ್ಚರದ ಮನುಷ್ಯ ಎಂದು ಅವರೆಲ್ಲ ಹೊಗಳುತ್ತಾರೆ. ಕಾಕಾ ನನ್ನನ್ನು ನಂಬಿ ಸತ್ತರು.