ತೊಟ್ಟಿಯ ಮುಚ್ಚಳದ ಮೇಲೆ ಕಸ್ತೂರೆಮ್ಮ

ಗುರುಗುಂಟಾ ಹತ್ತಿರದ ಒಂದು ಗ್ರಾಮ ಪಂಚಾಯಿತಿಯ ಸಿಂಹಾಸನವನ್ನು, ಅಂದರೆ ಒಂದು ಕಾಲು ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಯನ್ನು, ಕಸ್ತೂರೆಮ್ಮ ಅಲಂಕರಿಸಿ ಎರಡು ವರ್ಷವಾಗಿತ್ತು. ರಾಜ್ಯಭಾರ ಮಾತ್ರ ಗಂಡ ದೊಡ್ಡಬಸಪ್ಪನದು. ಅಧ್ಯಕ್ಷರ ತರಬೇತಿಗೂ ಆಕೆಯ ಬದಲು ಅವನೇ ರಾಯಚೂರಿಗೆ ಹೋಗಿ, ಎರಡು ದಿನ ಹೋಳಿಗೆ ಉಂಡು ಬಂದಿದ್ದ. ಆಕೆಯ ಪಾಲಿಗೆ ಉಳಿದದ್ದು ಸಹಿ.

ಅವತ್ತೂ ಸಹಿ ಹಾಕಿದ್ದಳು: ನಾಲ್ಕು ವರ್ಷದಿಂದ ಮುಚ್ಚಿದ್ದ ನೆಲದೊಳಗಿನ ನೀರಿನ ತೊಟ್ಟಿಗೆ ವಾಟರ್‌ಮನ್ ಮಲೀಕಸಾಬ ಇಳಿದು ಹೂಳು ತೆಗೆಯಬೇಕು. ಗಂಗಮ್ಮನ ಪೂಜೆಗೆ ಅಧ್ಯಕ್ಷೆ ಇರಲೇಬೇಕೆಂದು ಆಕೆಯನ್ನೂ ಕರೆತಂದಿದ್ದರು.

ಮುಚ್ಚಳ ತೆಗೆದರು. ವಾಸನೆಯಿಲ್ಲ, ಸದ್ದಿಲ್ಲ. ಗಂಗಮ್ಮನಿಗೆಂದು ಹಣತೆ ಹಚ್ಚಿ, ತಟ್ಟೆಯಲ್ಲಿಟ್ಟು ಹಗ್ಗದಿಂದ ಇಳಿಬಿಟ್ಟರು. ಮೂರನೆಯ ಕಬ್ಬಿಣದ ಮೆಟ್ಟಿಲ ಹತ್ತಿರ, ಕೆಳಗಿನಿಂದ ಯಾರೋ ಎರಡು ಬೆರಳಲ್ಲಿ ಚಿವುಟಿದಂತೆ, ದೀಪ ಆರಿತು. ಇನ್ನೊಂದು ಹಚ್ಚಿದರು. ಅದೇ ಮೆಟ್ಟಿಲು, ಅದೇ ಬೆರಳು.

“ಗಂಗಮ್ಮ ಸಿಟ್ಟಾಗ್ಯಾಳ,” ಎಂದ ದೊಡ್ಡಬಸಪ್ಪ. “ಇನ್ನೊಂದು ಕಾಯಿ ಒಡೀರಿ. ಮಲೀಕ, ವಿಭೂತಿ ಹಚ್ಕೊಂಡು ಇಳಿಯಲೇ.”

“ಹಚ್ರಿ ಯಜಮಾನ್ರ. ದರ್ಗಾದ ತಾಯತಾನೂ ಐತಿ. ಇಬ್ಬರೂ ಕೂಡಿ ನೋಡ್ಕೋತಾರ,” ಎಂದು ಮಲೀಕಸಾಬ ಹಣೆಯೊಡ್ಡಿ, ಒಂದು ಕಾಲನ್ನು ಒಳಗಿಟ್ಟ.

ಕಸ್ತೂರೆಮ್ಮನ ತವರಿನಲ್ಲಿ ಜೋಳ ತುಂಬಿಟ್ಟ ನೆಲದ ಹಗೇವು ತೆರೆದಾಗ ಅಪ್ಪ ಮೊದಲು ದೀಪ ಇಳಿಸುತ್ತಿದ್ದ. ಆರಿತೆಂದರೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಅವಸರಕ್ಕೆ ಇಳಿದ ಚಿಕ್ಕಪ್ಪನನ್ನು ಮೇಲೆತ್ತಿದಾಗ ಅವನ ಕಣ್ಣು ತೆರೆದೇ ಇದ್ದವು, ಏನೋ ಕೇಳಲು ಹೊರಟವನಂತೆ.

“ಮಲೀಕಣ್ಣ, ಕಾಲು ತಗಿ. ಅದು ದೇವ್ರ ಸಿಟ್ಟಲ್ಲ, ಕೆಟ್ಟ ಗಾಳಿ. ದೀಪಕ್ಕ ಇಲ್ಲದ ಉಸಿರು ನಿನಗೆಲ್ಲಿಂದ ಬರ್ತದ?”

ಅವನು ಕಾಲು ತೆಗೆದದ್ದೇ ತಡ, ಮುಚ್ಚಳ ಎಳೆದು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಆ ಪಂಚಾಯಿತಿಯ ಇತಿಹಾಸದಲ್ಲಿ ಇಂಥ ಕೋಟೆ ಕಾಳಗ ನಡೆದಿರಲಿಲ್ಲ.

“ಏಳಬೇ, ಮಂದಿ ನಗಾಕತ್ತಾರ,” ಎಂದು ಗಂಡ ಗದರಿದ.

“ನಗಲಿ. ಈ ಮನಷ್ಯಾ ಸತ್ರ ನಿಮ್ಮನ್ಯಾರೂ ಕೇಳಂಗಿಲ್ಲ, ನನ್ನ ಸಹಿ ಹುಡುಕ್ತಾರ. ರಾಯಚೂರಾಗ ಹೋಳಗಿ ಜೋಡಿ ಇದನ್ನೂ ಹೇಳಿರಬೇಕಲ್ಲ?”

ದೊಡ್ಡಬಸಪ್ಪನಿಗೆ ಹೋಳಿಗೆ ಮಾತ್ರ ನೆನಪಿತ್ತು.

ಲಿಂಗಸುಗೂರಿನಿಂದ ಗಾಳಿ ಊದುವ ಮಷೀನು ಬರುವವರೆಗೆ ಆಕೆ ಏಳಲಿಲ್ಲ. ಎರಡು ತಾಸು ಊದಿಸಿದ ಮೇಲೆ ದೀಪ ಉರಿಯುತ್ತಲೇ ತಳ ಮುಟ್ಟಿತು. ಮಲೀಕಸಾಬ ಇಳಿದ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಇಬ್ಬರು ಗಟ್ಟಿಗರ ಜೊತೆ ಅಧ್ಯಕ್ಷೆಯೂ ಹಿಡಿದಳು.

ಹತ್ತು ಉಸಿರಿನಷ್ಟು ಹೊತ್ತು ಸದ್ದಿಲ್ಲ. ಆಮೇಲೆ ಆಳದಿಂದ ಧ್ವನಿ ಬಂತು: “ಅಕ್ಕಾರ, ಇಲ್ಲೊಂದು ನಾಗರಹಾವು, ಮಗ್ಗಲಾಗ ಹೆಗ್ಗಣ. ಎರಡೂ ಸತ್ತಾವ್ರಿ. ಒಂದನ್ನೊಂದು ಮುಟ್ಟೇ ಇಲ್ಲ.”

ಕಸ್ತೂರೆಮ್ಮ ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

“ಮಾತಾಡ್ಕೋತ ಇರು, ಮಲೀಕಣ್ಣ. ಒಂದು ಗಳಿಗಿನೂ ಬಾಯಿ ಮುಚ್ಚಬ್ಯಾಡ.”

ಇಪ್ಪತ್ತು ವರ್ಷ ಓಣಿ ಓಣಿಗೆ ನೀರು ಬಿಟ್ಟವನು ಅವನು. ಬುಟ್ಟಿಗೆ ಹೂಳು ತುಂಬುತ್ತಾ, ದೊಡ್ಡಬಸಪ್ಪನಿಂದಲೇ ಶುರುಮಾಡಿ, ಊರವರೆಲ್ಲರ ಗುಟ್ಟು ಹೇಳತೊಡಗಿದ.