ನಿಂತ ದೋಣಿಯ ಸ್ಕಿಪ್ಪರ್

ಅಂಗಡಿಯವನು ಗಿರಾಕಿಗೆ ಹೇಳಬಾರದ ಮಾತೊಂದಿದೆ: "ದೋಷ ಮಾಲಿನದ್ದಲ್ಲ, ನಿಮ್ಮದು." ನಿಜವೇ ಇದ್ದರೂ ಹೇಳಬಾರದು. ಕಾಲುವೆಗಳ ಊರು ಜ್ವಾರ್ಟ್‌ಸ್ಲೌಸ್‌ನಲ್ಲಿ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ, ಹೆಲಿಕಾಪ್ಟರ್ ಮಾರುವ ಅಂಗಡಿಯನ್ನು ನಾನು ಇಪ್ಪತ್ತೆಂಟು ವರ್ಷದಿಂದ ನಡೆಸುತ್ತಿದ್ದೇನೆ. ಅಷ್ಟರಲ್ಲಿ ಆ ಮಾತನ್ನು ಎರಡೇ ಸಲ ಆಡಿದ್ದೇನೆ. ಎರಡು ಸಲವೂ ಒಬ್ಬರಿಗೇ, ದೋಣಿ ನಡೆಸುತ್ತಿದ್ದ ಸ್ಕಿಪ್ಪರ್ ಲುಬ್ಬರ್ಟ್ ಅವರಿಗೆ.

ಲುಬ್ಬರ್ಟ್ ಸರಕುದೋಣಿಯಲ್ಲೇ ಹುಟ್ಟಿದವರು. ಯಾವ ಊರು ಎಂದು ಕೇಳಿದರೆ "ಎರಡು ಸೇತುವೆ ನಡುವೆ" ಎನ್ನುತ್ತಿದ್ದರು. ನಲವತ್ತೊಂದು ವರ್ಷ ಜಲ್ಲಿ, ದನದ ಮೇವು, ಗೊಬ್ಬರ ಸಾಗಿಸಿದರು. ಹೆಂಡತಿ ಮಿನಾ ಚುಕ್ಕಾಣಿ ಹಿಡಿಯುತ್ತಿದ್ದರು, ಇವರು ಹಗ್ಗ ನೋಡಿಕೊಳ್ಳುತ್ತಿದ್ದರು. ಮಿನಾ ತೀರಿಕೊಂಡ ವಾರವೇ ದೋಣಿಯನ್ನು ಊರಾಚೆ ಕಾಲುವೆಯ ದಂಡೆಗೆ ಕಟ್ಟಿ, ಎಂಜಿನ್ನಿನ ಕೀಲಿಯನ್ನು ಮಗಳು ಹೆನ್ನಿಯ ಕೈಗಿಟ್ಟರು. ಅಲ್ಲೇ ಒಬ್ಬರೇ ವಾಸ. ಎರಡನೆಯ ವರ್ಷ ನನ್ನಲ್ಲಿಗೆ ಬಂದು, ತೊಡೆಯುದ್ದದ ಒಂದು ಹೆಲಿಕಾಪ್ಟರ್ ಕೊಂಡರು. ಯಾಕೆ ಎಂದು ನಾನು ಕೇಳಲಿಲ್ಲ. ಕೊಳ್ಳುವವರನ್ನು ಯಾಕೆಂದು ಕೇಳಿ ಕೆಟ್ಟವರಿದ್ದಾರೆ.

ಅವರಿಗೆ ಎಪ್ಪತ್ತು ದಾಟಿದ ಮೇಲೆ ಹೆನ್ನಿ ಹಟ ಹಿಡಿದಳು. ಚಳಿಗಾಲದಲ್ಲಿ ದೋಣಿಗೆ ಹತ್ತಿಳಿಯುವ ಹಲಗೆಯ ಮೇಲೆ ಮಂಜು ಕಟ್ಟುತ್ತದೆ, ನೀರು ಏರಿ ಇಳಿದಂತೆ ಹಗ್ಗ ಬಿಗಿಯಬೇಕು, ಸಡಿಲಿಸಬೇಕು. "ಕೈ ಸೋತ ದಿನ ನೀರಿಗೆ ಬೀಳ್ತೀಯ ಅಪ್ಪ, ಯಾರಿಗೂ ಗೊತ್ತೂ ಆಗಲ್ಲ" ಎಂದಳು.

"ಕೈ ಸೋತಿದ್ದು ಮೊದಲು ನಂಗೇ ಗೊತ್ತಾಗುತ್ತೆ. ಹೆಲಿಕಾಪ್ಟರಿನ ಬಾಲ ನೇರ ಹಿಡಿಯೋಕೆ ಆಗದ ದಿನ ನಾನೇ ದೋಣಿ ಇಳೀತೀನಿ. ಮಾತು ಅಂದ್ರೆ ಮಾತು."

ಇದನ್ನು ಅವಳು ನನ್ನ ಅಂಗಡಿಗೇ ಬಂದು ಹೇಳಿ ಹೋಗಿದ್ದಳು, ಸಾಕ್ಷಿಗೊಬ್ಬ ಇರಲಿ ಎಂದು.

ಒಂದು ಏಪ್ರಿಲ್‌ನಲ್ಲಿ ಲುಬ್ಬರ್ಟ್ ಹೆಲಿಕಾಪ್ಟರನ್ನು ಕಂಕುಳಲ್ಲಿಟ್ಟುಕೊಂಡು ಬಂದರು.

"ಬೆರೆಂಡ್, ಬಾಲ ಜಾರ್ತಿದೆ."

"ಯಾವ ಕಡೆಗೆ?"

"ಒಂದಿನ ಎಡಕ್ಕೆ, ಒಂದಿನ ಬಲಕ್ಕೆ. ಭಾನುವಾರ ಮಾತ್ರ ಸರಿ ಇರುತ್ತೆ."

"ದೈವಭಕ್ತಿ ಇರೋ ಯಂತ್ರ ಬಿಡಿ."

ಅವರು ನಗಲಿಲ್ಲ. ಮಗಳಿಗೆ ಕೊಟ್ಟ ಮಾತು ಅವರ ಮುಖದ ಮೇಲಿತ್ತು.

ಬಾಲವನ್ನು ನೇರ ಹಿಡಿಯುವುದು ಜೈರೋ ಎಂಬ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಬ್ಯಾಟರಿ ಸಿಕ್ಕಿಸಿದ ಕೂಡಲೇ ಅದು ಹತ್ತು ಸೆಕೆಂಡು ದೀಪ ಮಿಣುಕಿಸುತ್ತಾ ತಾನಿರುವ ಸ್ಥಿತಿಯನ್ನೇ 'ನಿಶ್ಚಲ' ಎಂದು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಹಾರಾಟದುದ್ದಕ್ಕೂ ಅದೇ ಅದರ ಸತ್ಯ.

"ದೀಪ ಮಿಣುಕುವಾಗ ಅಲ್ಲಾಡಿಸ್ತಿಲ್ಲ ತಾನೇ?" ಎಂದೆ.

"ಮೇಜಿನ ಮೇಲಿಟ್ಟು ಉಸಿರೂ ಬಿಡದೆ ಕೂತಿರ್ತೀನಿ."

ನಾನು ಬಾಲದ ಬೆಲ್ಟ್ ಬಿಗಿ ನೋಡಿದೆ. ಬಾಲದ ರೆಕ್ಕೆಗಳನ್ನು ತಿರುಗಿಸುವ ಕಡ್ಡಿ ಎಲ್ಲಾದರೂ ಸಡಿಲಾಗಿದೆಯೇ ಎಂದು ನೋಡಿದೆ. ಜೈರೋ ಅಂಟಿಸಿದ ಮೆತ್ತನೆಯ ಟೇಪ್ ಬದಲಿಸಿದೆ. ಅಂಗಡಿಯ ಹಿಂದಿನ ಬಯಲಲ್ಲಿ ಹಾರಿಸಿದರೆ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಮರುದಿನವೇ ಅವರು ವಾಪಸು ಬಂದರು, ಮತ್ತೆ ಜಾರುತ್ತಿದೆ ಎಂದು. ಹೊಸ ಜೈರೋ ಹಾಕಿದೆ. ನನ್ನ ಬಯಲಲ್ಲಿ ನೇರ, ಅವರ ದೋಣಿಯ ಪಕ್ಕದ ಹುಲ್ಲುಗಾವಲಲ್ಲಿ ವಕ್ರ. ಇಲ್ಲೇ ಒಮ್ಮೆ ನೀವೇ ಹಾರಿಸಿ ಎಂದರೆ, "ನಿನ್ನ ಗಿರಾಕಿಗಳು ನೋಡೋಕೆ ನಾನೇನು ಸರ್ಕಸ್ಸಾ?" ಎಂದರು. ನಾನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು.

ಮೂರನೆಯ ಸಲ ಬಂದಾಗ ಅವರು ಟೋಪಿ ತೆಗೆದು ಕೌಂಟರಿನ ಮೇಲಿಟ್ಟರು.

"ನೇರ ಹೇಳು. ಯಂತ್ರನಾ, ನಾನಾ?"

ಎರಡು ಜೈರೋ ಪರೀಕ್ಷಿಸಿ ಮುಗಿಸಿದ್ದೆ, ಮೂರನೆಯದನ್ನು ಮಾರಲು ಮನಸ್ಸಾಗಲಿಲ್ಲ. ಹಾಗಾಗಿ ಜೀವನದಲ್ಲಿ ಮೊದಲ ಬಾರಿಗೆ ಪ್ರಾಮಾಣಿಕನಾದೆ. "ನೀವು, ಸ್ಕಿಪ್ಪರ್. ಬಾಲ ತಿರುಗಿಸೋ ಎಡ ಹೆಬ್ಬೆರಳು ನಿಮಗೆ ಗೊತ್ತಿಲ್ಲದ ಹಾಗೆ ಒತ್ತುತ್ತಿದೆ."

ಅವರು ಹೆಬ್ಬೆರಳನ್ನು ನೋಡಿಕೊಂಡರು. ಟೋಪಿ ಹಾಕಿಕೊಂಡು ಹೋದರು. ಅಂದೇ ಸಂಜೆ ಹೆನ್ನಿಗೆ ಫೋನ್ ಮಾಡಿ, ದೋಣಿ ಮಾರು ಎಂದರಂತೆ.

ಎರಡು ವಾರದ ಮೇಲೆ ಒಂದು ಬುಧವಾರ ನಾನು ದೋಣಿಗೆ ಹೋದೆ. ಸಂತಾಪಕ್ಕೆ ಎಂದು ಹೇಳಿದರೆ ಸುಳ್ಳಾದೀತು. ಹೆಲಿಕಾಪ್ಟರ್, ಬ್ಯಾಟರಿ, ಬಿಡಿಭಾಗಗಳನ್ನು ಬೇರೆಯವರು ಕೇಳುವ ಮುಂಚೆ ಅಗ್ಗಕ್ಕೆ ಕೊಳ್ಳಬೇಕೆಂದಿದ್ದೆ. ಅವರು ಕಾಫಿ ಕೊಟ್ಟರು, ಬಿಸ್ಕತ್ತಿನ ಡಬ್ಬಿ ತೆರೆದು ಒಂದು ತೆಗೆದುಕೊಳ್ಳಲು ಬಿಟ್ಟು ಮುಚ್ಚಿದರು. ಗೋಡೆಯ ಮೇಲಿನ ಚಿತ್ರಗಳೆಲ್ಲ ಆಗಲೇ ಪೆಟ್ಟಿಗೆ ಸೇರಿದ್ದವು.

"ಕೊಳ್ಳೋ ಮುಂಚೆ ಹಾರಿಸಿ ನೋಡು," ಎಂದು ಅವರೇ ಮೇಜಿನ ಮೇಲೆ ಬ್ಯಾಟರಿ ಸಿಕ್ಕಿಸಿದರು.

"ಇಲ್ಲೇ ಯಾಕೆ? ಹುಲ್ಲಿಗೆ ಹೋಗಿ ಸಿಕ್ಕಿಸಬಹುದಲ್ಲ."

"ಎಂಜಿನ್ ಚಾಲೂ ಮಾಡಿ ನೋಡದೆ ನಾನು ಯಾವತ್ತೂ ಹಗ್ಗ ಬಿಚ್ಚಿದವನಲ್ಲ."

ದೀಪ ಮಿಣುಕಿ ನಿಂತಿತು. ರಿಮೋಟಿನಲ್ಲಿ ಮೋಟಾರಿಗೆ ಬೀಗ ಹಾಕಿ, ಹಲಗೆ ದಾಟಿ ಹುಲ್ಲುಗಾವಲಿಗೆ ಒಯ್ದು ಹಾರಿಸಿದೆ. ಬಾಲ ನಿಧಾನವಾಗಿ, ಯಾರೋ ಬೆರಳಿಂದ ತಳ್ಳಿದ ಹಾಗೆ, ಬಲಕ್ಕೆ ಜಾರಿತು. ನನ್ನ ಎಡ ಹೆಬ್ಬೆರಳನ್ನು ರಿಮೋಟಿನ ಕಡ್ಡಿಯಿಂದ ಪೂರ್ತಿ ಎತ್ತಿದೆ. ಆದರೂ ಜಾರಿತು.

ಇಳಿಸಿ, ಒಳಗೆ ತಂದು, ಅದೇ ಮೇಜಿನ ಮೇಲೆ ಮತ್ತೆ ಬ್ಯಾಟರಿ ಸಿಕ್ಕಿಸಿದೆ. ಹೊರಗೆ ಒಂದು ತುಂಬಿದ ಸರಕುದೋಣಿ ಹಾದುಹೋಗುತ್ತಿತ್ತು. ಎದುರಿನ ಕಿಟಕಿಯ ಚೌಕಟ್ಟಿನೊಳಗೆ, ಆಚೆ ದಡದ ಪಾಪ್ಲರ್ ಮರ ಎಡದಂಚಿನಿಂದ ನಡುವಿನವರೆಗೆ ಬಂದಿತು.

"ಸ್ಕಿಪ್ಪರ್, ಆ ಮರ ನಡೀತಿದೆ."

"ಮರ ನಡೆಯಲ್ಲ, ಬೆರೆಂಡ್."

"ಮತ್ತೆ ಯಾರು ನಡೀತಿದಾರೆ?"

ಜೇಬಿನಿಂದ ಪೆನ್ನು ತೆಗೆದು ಮರ ಕಾಣುವ ಜಾಗದಲ್ಲಿ ಗಾಜಿನ ಮೇಲೆ ಗೆರೆ ಎಳೆದೆ. ಇಬ್ಬರೂ ಕೂತು ನೋಡಿದೆವು. ಮರ ಗೆರೆಯನ್ನು ಬಿಟ್ಟು ಒಂದು ಗೇಣು ಹೋಗಿ, ಮೆಲ್ಲಗೆ ಹಿಂದಿರುಗಿತು. ಹಾದುಹೋಗುವ ದೋಣಿ ನೀರನ್ನು ಎಳೆದಾಗ ಇವರ ದೋಣಿ ಹಗ್ಗದಲ್ಲೇ ತಿರುಗುತ್ತಿತ್ತು. ಹಾಗೆ ತಿರುಗುವುದನ್ನೇ ಜೈರೋ ನಿಶ್ಚಲ ಎಂದು ನಂಬುತ್ತಿತ್ತು. ಭಾನುವಾರ ನಮ್ಮ ಕಡೆ ಸರಕುದೋಣಿ ಓಡುವುದಿಲ್ಲ. ನೆಲದ ಮೇಲೆ ಅಂಗಡಿಯಿಟ್ಟ ನನಗೆ ಇದು ಹೊಳೆದಿರಲಿಲ್ಲ. ನೀರಿನ ಮೇಲೆ ಹುಟ್ಟಿದ ಅವರಿಗೆ ಅದು ಕಾಣುವುದೇ ಇಲ್ಲ.

ಲುಬ್ಬರ್ಟ್ ಗೆರೆಯ ಮೇಲೆ ಬೆರಳಿಟ್ಟರು.

"ಮಿನಾ ಹೋದ ಮೇಲೆ ಇದು ನಿಂತೇಬಿಟ್ಟಿದೆ ಅಂತ ಅಂದ್ಕೊಂಡಿದ್ದೆ," ಎಂದರು.

ದಂಡೆಯಲ್ಲಿ ಹಗ್ಗ ಕಟ್ಟುವ ಕಂಬದ ಪಕ್ಕ ಒಂದು ಹಾಸುಗಲ್ಲಿತ್ತು. ಅದರ ಮೇಲಿಟ್ಟು ಬ್ಯಾಟರಿ ಸಿಕ್ಕಿಸಿ, ರಿಮೋಟನ್ನು ಅವರ ಕೈಗೆ ಕೊಟ್ಟೆ. ಎದೆಯೆತ್ತರಕ್ಕೆ ಏರಿಸಿ ಬ್ಯಾಟರಿ ಮುಗಿಯುವವರೆಗೆ ನಿಲ್ಲಿಸಿದರು. ಬಾಲ ಕದಲಲಿಲ್ಲ.

ಆಮೇಲೆ ಹೆನ್ನಿಗೆ ಫೋನ್ ಮಾಡಿದರು. ಅವಳ ದನಿ ನನಗೂ ಕೇಳುತ್ತಿತ್ತು.

"ಕೈ ಸರಿಯಿದೆ. ದೋಣಿ ಕೊಡಲ್ಲ."

"ಯಾರು ಹೇಳಿದ್ದು?"

"ಬೆರೆಂಡ್."

"ಕೈ ಸರಿಯಿಲ್ಲ ಅಂದಿದ್ದೂ ಅವನೇ ಅಲ್ವಾ?"

ಅವಳು ತಪ್ಪು ಹೇಳಲಿಲ್ಲ. ಆದರೆ ಅಪ್ಪನ ಮಾತಿಗೆ ಕಟ್ಟುಬಿದ್ದಳು.

ಅಲ್ಲಿಂದ ಮೂರು ವರ್ಷ ಅವರು ದೋಣಿಯಲ್ಲೇ ಇದ್ದರು. ಕಳೆದ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದರು. ಟೋಪಿ ತೆಗೆದು ಕೌಂಟರಿನ ಮೇಲಿಟ್ಟರು.

"ಕಲ್ಲಿನ ಮೇಲಿಟ್ಟೇ ಸಿಕ್ಕಿಸಿದ್ದು. ಭಾನುವಾರ. ನಾಲ್ಕು ಸಲ."

ನಾನು ಹಿಂದಿನ ಬಯಲಿಗೆ ಒಯ್ದು ಹಾರಿಸಿದೆ. ನೇರ ನಿಂತಿತು. ಈ ಸಲ ಗಿರಾಕಿಗಳಿದ್ದರೂ ಅವರು ಬೇಡವೆನ್ನದೆ ರಿಮೋಟ್ ತೆಗೆದುಕೊಂಡರು. ಬಾಲ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ. ಇಳಿಸಿ ನನ್ನ ಕಡೆ ತಿರುಗಿದರು.

"ಯಂತ್ರನಾ, ನಾನಾ?"

ಬೆಲ್ಟ್ ಸಡಿಲ ಎನ್ನಬಹುದಿತ್ತು. ಇನ್ನೊಂದು ಚಳಿಗಾಲ ದಾಟುತ್ತಿದ್ದರೇನೋ. ದಾಟದೆಯೂ ಇರಬಹುದಿತ್ತು.

"ನೀವು, ಸ್ಕಿಪ್ಪರ್."

ಅವರು ತಲೆಯಾಡಿಸಿದರು. "ಹೆನ್ನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕ್ಬೇಡ, ನಿನ್ನ ಮಾತು ಅವಳು ನಂಬಲ್ಲ."

ಈಗ ಮೆಪ್ಪೆಲ್‌ನಲ್ಲಿ, ಮಗಳ ಮನೆಯ ಹತ್ತಿರ, ಮೂರನೆಯ ಮಹಡಿಯಲ್ಲಿದ್ದಾರೆ. ಹೋದ ತಿಂಗಳು ನೋಡಲು ಹೋಗಿದ್ದೆ. ಕಾಫಿ ಬಂತು, ಡಬ್ಬಿ ಒಮ್ಮೆ ತೆರೆದು ಮುಚ್ಚಿತು. ಕಿಟಕಿಯ ಗಾಜಿನ ಮೇಲೆ, ಆಚೆಯ ಚರ್ಚಿನ ಗೋಪುರಕ್ಕೆ ಸರಿಯಾಗಿ, ಪೆನ್ನಿನ ಗೆರೆಯೊಂದಿತ್ತು.

"ನಾಲ್ಕು ತಿಂಗಳಾಯ್ತು ನೋಡ್ತಾ," ಎಂದರು ಲುಬ್ಬರ್ಟ್. "ಒಂದು ಕೂದಲೆಳೆಯಷ್ಟೂ ಜರುಗಿಲ್ಲ."