ಕೋಚ್ ಸಾರ್ ಹಾಕಿಸಿದ ಫ್ಲೆಕ್ಸು

ನಮ್ಮ ಕೋಚ್ ಸಾರ್‌ಗೆ ಬಲಗೈ ತೋರುಬೆರಳು ನೆಟ್ಟಗಿರಲಿಲ್ಲ. ಯಾವ ಕಾಲದಲ್ಲೋ ಚೆಂಡು ಬಡಿದು ಮುರಿದದ್ದು, ನಾಟಿ ಕಟ್ಟು ಹಾಕಿಸಿಕೊಂಡು ಹಾಗೇ ಸೊಟ್ಟಕ್ಕೆ ಕೂತುಬಿಟ್ಟಿತ್ತು. 'ಆ ಕಡೆ ಓಡ್ಲಾ' ಎಂದು ಕೈ ತೋರಿಸಿದರೆ ಬೆರಳು ಇನ್ನೊಂದು ಕಡೆ ತೋರಿಸುತ್ತಿತ್ತು. ಹೊಸಬರು ಬೆರಳನ್ನು ನಂಬಿ ಓಡಿ ಬೈಸಿಕೊಳ್ಳುತ್ತಿದ್ದರು.

ಮಂಡ್ಯದಲ್ಲಿ ನಮಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದವರು ಅವರು. ಸೋಮನಹಳ್ಳಿಯಿಂದ ಬರುವ ನನ್ನ ಬಸ್ಸು ತಡವಾದರೆ ಆಟ ನಿಲ್ಲಿಸಿ ಕಾಯುತ್ತಿದ್ದರು. ಸೋತ ದಿನ ಬೈಯುತ್ತಿರಲಿಲ್ಲ, ಗೆದ್ದ ದಿನ ಬೈಯುತ್ತಿದ್ದರು. 'ಗೆದ್ದಾಗ್ಲೇ ಕಣ್ಲಾ ಕಿವಿ ಮುಚ್ಚೋಗೋದು' ಎನ್ನುತ್ತಿದ್ದರು. ಅವರಿಗಿದ್ದ ಒಂದೇ ಚಟ ಫ್ಲೆಕ್ಸು. ತಾಲ್ಲೂಕು ಮಟ್ಟದಲ್ಲಿ ಗೆದ್ದರೂ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸು ಏಳಲೇಬೇಕು. ನಮ್ಮೂರಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ತಿಥಿಗೂ ಫ್ಲೆಕ್ಸು. ಆಟ ಆಡುವವರು ಮಾತ್ರ ಏನು ಪಾಪ ಮಾಡಿದ್ದಾರೆ ಎಂಬುದು ಅವರ ವಾದ.

ನಾನು ಆಟದಲ್ಲಿ ಮೇಲೆ ಬರಲಿಲ್ಲ. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಕೊಲ್ಲಿ ದೇಶದ ಒಂದು ಸ್ಟೇಡಿಯಂನಲ್ಲಿ ಕೆಲಸಕ್ಕೆ ಸೇರಿದೆ. ಅಮೆರಿಕದ ದೊಡ್ಡ ಲೀಗಿನ ತಂಡಗಳು ಅಲ್ಲಿಗೆ ಬಂದು ಪಂದ್ಯ ಆಡುತ್ತವೆ. ಆಟಗಾರ ಬಿದ್ದು ಎದ್ದ ಜಾಗದಲ್ಲಿ ಬೆವರು ಒರೆಸುವುದು ನನ್ನ ಕೆಲಸ. ಬ್ಯಾಸ್ಕೆಟ್ಟಿನ ಕಂಬದ ಪಕ್ಕ ಕೂತಿದ್ದು, ಆಟ ನಿಂತ ಕೂಡಲೇ ಓಡಿ ಹೋಗಿ ಒರೆಸಿ ವಾಪಸ್ಸು ಓಡಬೇಕು. ಅಪ್ಪನಿಗೆ 'ಸ್ಟೇಡಿಯಂನಲ್ಲಿ ಕೆಲಸ' ಎಂದಷ್ಟೇ ಹೇಳಿದ್ದೆ. ಎಲ್ಲವನ್ನೂ ಬಿಡಿಸಿ ಹೇಳಿದ್ದು ಸಾರ್‌ಗೊಬ್ಬರಿಗೆ. 'ಅಷ್ಟು ಅತ್ರದಿಂದ ನೋಡ್ತೀಯೇನ್ಲಾ ಅವ್ರನ್ನ!' ಎಂದು ಫೋನಿನಲ್ಲೇ ಕುಣಿದಾಡಿದ್ದರು.

ಆ ವರ್ಷ ಅಪ್ಪ ನನಗೆ ಹೆಣ್ಣು ಹುಡುಕುತ್ತಿದ್ದರು. ನಮ್ಮ ಕಡೆಯ ಗಂಡುಗಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ಎಲ್ಲರಿಗೂ ಗೊತ್ತು. ಮಳವಳ್ಳಿಯ ಒಂದು ಸಂಬಂಧ ಹೆಚ್ಚುಕಡಿಮೆ ಕೂಡಿಬಂದಿತ್ತು. ಅಷ್ಟರಲ್ಲಿ ಸರ್ಕಲ್ಲಿನಲ್ಲಿ ಸಾರ್ ಹಾಕಿಸಿದ ಫ್ಲೆಕ್ಸು ಎದ್ದಿತು. ಅಮೆರಿಕದ ಆಟಗಾರರ ನಡುವೆ ನನ್ನ ಮುಖ ಅಂಟಿಸಿ 'ವಿದೇಶಿ ಅಂಕಣದಲ್ಲಿ ಮಂಡ್ಯದ ಹುಲಿ' ಎಂದು ಬರೆಸಿದ್ದರು. ಪಂದ್ಯದ ದಿನ ಗ್ರೌಂಡಿನಲ್ಲಿ ದೊಡ್ಡ ಪರದೆ ಕಟ್ಟಿಸಿ, ಅಪ್ಪನನ್ನೂ ಮಳವಳ್ಳಿಯವರನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ಅಲ್ಲಿ ನಡೆದದ್ದನ್ನು ಅಪ್ಪ ಆಮೇಲೆ ಹೇಳಿದರು. ಬಹಳ ಹೊತ್ತು ಹುಲಿ ಕಾಣಲೇ ಇಲ್ಲ. ಕೊನೆಗೆ ಒಬ್ಬ ದೈತ್ಯ ಜಾರಿ ಬಿದ್ದು ಎದ್ದ. ಅವನ ಕಾಲ ಬುಡದಲ್ಲಿ ಮಂಡಿಯೂರಿ ಬಟ್ಟೆ ಉಜ್ಜುತ್ತಿದ್ದವನು ನಾನು. 'ಲೇ, ಉಲಿ ನೆಲ ಸಾರುಸ್ತಾ ಅವ್ನೆ ಕಣ್ರಲಾ' ಎಂದು ಹಿಂದಿನಿಂದ ಯಾರೋ ಒಬ್ಬ ಕೂಗಿದ. ಗ್ರೌಂಡೇ ನಕ್ಕಿತು. ಮಳವಳ್ಳಿಯವರು ನಗಲಿಲ್ಲ, ಎದ್ದು ಹೋದರು. ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಪಂದ್ಯ ಮುಗಿಯುವವರೆಗೂ ಕೂತಿದ್ದರಂತೆ. ಅದನ್ನು ನೆನೆದರೆ ಈಗಲೂ ಹಿಡಿಯಷ್ಟಾಗುತ್ತೇನೆ.

ರೇಗಿ ಸಾರ್‌ಗೆ ಫೋನ್ ಮಾಡಿದೆ. 'ನಿಮ್ಗೆ ಮೊದ್ಲೇ ಹೇಳಿರ್ಲಿಲ್ವಾ ಸಾರ್?'

'ನೀನೇನೋ ಹೇಳಿದ್ದೆ ಕಣಪ್ಪ' ಎಂದರು. 'ಒರ್ಸೋನು ಅಂತ ಬರ್ಸಕ್ಕೆ ನಂಗೇ ನಾಚ್ಕೆ ಆಯ್ತು.'

ಊರು ನಕ್ಕದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ನನ್ನ ಕೆಲಸಕ್ಕೆ ನಾನೇ ನಾಚುತ್ತಿದ್ದೆ, ನಿಜ. ಅವರಾದರೂ ನಾಚುವುದಿಲ್ಲ ಅಂದುಕೊಂಡಿದ್ದೆ.

ರಜೆಗೆ ಊರಿಗೆ ಬಂದಾಗ ಗ್ರೌಂಡಿನ ಕಡೆ ತಲೆ ಹಾಕಲಿಲ್ಲ. ಒಂದು ಬೆಳಿಗ್ಗೆ ಸಾರ್ ತಾವೇ ಮೊಪೆಡ್ಡಿನಲ್ಲಿ ಸೋಮನಹಳ್ಳಿಗೆ ಬಂದರು. ಜಗುಲಿಯ ಮೇಲೆ ಕೂತು, ನನ್ನನ್ನು ನೋಡದೆ ಅಪ್ಪನಿಗೆ ಹೇಳಿದರು:

'ಮಳವಳ್ಳಿಗೆ ಓಗಿದ್ದೆ ಗೌಡ್ರೇ. ಉಡ್ಗ ನಂಗೆ ದಿಟವೇ ಹೇಳಿದ್ದ, ಸುಳ್ಳು ನಂದು ಅಂದೆ. ಆ ಯಜಮಾನ್ರು, ನೆಲ ಒರ್ಸಿದ್ದಕ್ಕೆ ನಾವು ಎದ್ದು ಬರ್ನಿಲ್ಲ, ಉಲಿ ಅಂತ ನಂಬ್ಸಿದ್ದಕ್ಕೆ ಎದ್ದು ಬಂದೊ ಅಂದ್ರು. ಎಣ್ಣು ಬೇರೆ ಕಡೆ ಗೊತ್ತಾಗೋಗದೆ. ತಪ್ಪಾಗೋಯ್ತು.'

ಕೈ ಮುಗಿದರು. 'ಬುಡಿ ಸಾ, ಕಾಪಿ ಕುಡೀರಿ' ಎಂದರು ಅಪ್ಪ. ಯಾರೂ ಕೇಳದಿದ್ದರೂ ಅಷ್ಟು ದೂರ ಹೋಗಿ, ಪರಿಚಯವಿಲ್ಲದವರ ಪಡಸಾಲೆಯಲ್ಲಿ ನಿಂತು ತಲೆ ತಗ್ಗಿಸಿ ಬಂದಿದ್ದರು. ನನ್ನ ಗುರು ನನಗಾಗಿ ಹಾಗೆ ನಿಲ್ಲಬೇಕಾಯಿತಲ್ಲ ಎಂದು ಮತ್ತೊಂದು ನಾಚಿಕೆ ಸೇರಿಕೊಂಡಿತು.

ಮರುವರ್ಷ ಅಲ್ಲಿ ಪಂದ್ಯಗಳು ನಡೆಯುತ್ತಿದ್ದಾಗಲೇ ಸಾರ್ ಎದೆನೋವು ಬಂದು ತೀರಿಕೊಂಡರು. ನನಗೆ ರಜೆ ಸಿಗಲಿಲ್ಲ. ಮಣ್ಣಿಗೆ ಅಪ್ಪ ಹೋಗಿಬಂದರು.

ಮೊನ್ನೆ ಮದ್ದೂರಿನ ಒಂದು ಮನೆಯಿಂದ ವಿಡಿಯೋ ಕಾಲ್ ಬಂತು. ಹೆಣ್ಣು ನೋಡಲು ಹೋಗಿದ್ದ ಅಪ್ಪ ಅವರ ನಡುವೆಯೇ ಕೂತಿದ್ದರು. ಹುಡುಗಿಯ ಸೋದರಮಾವ ಕೇಳಿದರು, 'ಏನ್ ಕೆಲ್ಸನಪ್ಪಾ ಅಲ್ಲಿ?'

'ಸ್ಟೇಡಿಯಂನಲ್ಲಿ...' ಎಂದು ತಡವರಿಸಿದೆ. ಮೇಲ್ವಿಚಾರಕ ಎಂಬ ಪದ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮಳವಳ್ಳಿಯಲ್ಲಿ ಸುಳ್ಳು ನಂದು ಎಂದವರು ನೆನಪಾದರು.

'ನೆಲ ಒರ್ಸ್ತೀನಿ' ಎಂದೆ. 'ಆಟ ನಿಂತಾಗ ಓಡೋಗಿ ಬೆವರು ಒರ್ಸ್ತೀನಿ.'

ಸೋದರಮಾವ ಅಪ್ಪನ ಕಡೆ ತಿರುಗಿ ನೋಡಿದರು. ಮುಖ ಕಾದು ಕೆಂಪಾಗಿದ್ದು ನನಗೇ ಗೊತ್ತಾಗುತ್ತಿತ್ತು. ನಾಚಿಕೆ ಎಲ್ಲೂ ಹೋಗಿರಲಿಲ್ಲ. ಆದರೆ ನಾನು ಫೋನ್ ಇಡಲಿಲ್ಲ.